ಕರೆಗಳ ಲೆಕ್ಕ ಕಂಡುಹಿಡಿದ ಮಾಸ್ತರರ ಮಗ – ಎ. ಕೆ. ಎರ್ಲಾಂಗ್

ಶಿರಸಿಯ ಮಾರಿಕಾಂಬಾ ಜಾತ್ರೆಗೆ ನೀವು ಹೋಗಿದ್ದೀರಿ ತಾನೆ? ಎರಡು ವರ್ಷಕ್ಕೊಮ್ಮೆ ನಡೆಯುವ ಈ ಜಾತ್ರೆಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಒಮ್ಮೆ ನಾನು ಎಕ್ಕಂಬಿಗೆ ಹೋಗಿದ್ದಾಗ ಏಳನೇ ತರಗತಿಯ ಹುಡುಗಿಯೊಬ್ಬಳು ನನಗೊಂದು ಪ್ರಶ್ನೆ ಹಾಕಿದಳು. ಜಾತ್ರೆಯ ಗದ್ದಲದಲ್ಲಿ ಅವಳ ತಮ್ಮ ಕೈತಪ್ಪಿ ಹೋಗಿದ್ದನಂತೆ. ಅಪ್ಪನಿಗೆ ಫೋನ್ ಮಾಡಲು ಅಮ್ಮ ಎಷ್ಟು ಸಲ ಪ್ರಯತ್ನಿಸಿದರೂ ಕರೆ ಹೋಗಲಿಲ್ಲ. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳು ಮಾತ್ರ ಪೂರ್ತಿ ಇದ್ದವು! ಅರ್ಧ ಗಂಟೆಯ ಮೇಲೆ ತಮ್ಮ ಬಳೆ ಅಂಗಡಿಯ ಹತ್ತಿರ ಸಿಕ್ಕಿದ. ಸಿಗ್ನಲ್ ಇದ್ದರೂ ಫೋನ್ ಯಾಕೆ ಹೋಗಲಿಲ್ಲ ಎಂಬುದು ಅವಳ ಪ್ರಶ್ನೆ.

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಇದಕ್ಕೆ ಉತ್ತರ ನೂರು ವರ್ಷಗಳಿಗೂ ಹಿಂದೆಯೇ ಸಿಕ್ಕಿತ್ತು. ಆಗ ಮೊಬೈಲ್ ಇರಲಿಲ್ಲ, ಕಂಪ್ಯೂಟರ್ ಕೂಡ ಇರಲಿಲ್ಲ. ಉತ್ತರ ಹುಡುಕಿದವರು ಡೆನ್ಮಾರ್ಕ್ ದೇಶದ ಹಳ್ಳಿಯೊಂದರ ಶಾಲಾ ಮಾಸ್ತರರ ಮಗ. ಹೆಸರು ಅಗ್ನರ್ ಕ್ರಾರುಪ್ ಎರ್ಲಾಂಗ್. ಬನ್ನಿ, ಅವರ ಕತೆಯನ್ನು ತಿಳಿಯೋಣ.

ತಲೆಕೆಳಗಾಗಿ ಓದುತ್ತಿದ್ದ ಹುಡುಗ

ಎರ್ಲಾಂಗ್ ಹುಟ್ಟಿದ್ದು 1878ರ ಜನವರಿ 1ರಂದು, ಡೆನ್ಮಾರ್ಕಿನ ಪಶ್ಚಿಮ ಭಾಗದ ಲೋನ್‌ಬೋರ್ಗ್ ಎಂಬ ಚಿಕ್ಕ ಊರಿನಲ್ಲಿ. ತಂದೆ ಆ ಊರಿನ ಶಾಲೆಯ ಶಿಕ್ಷಕರು. ತಾಯಿಯ ಮನೆತನದಲ್ಲಿ ಹಿಂದೆ ಗಣಿತಜ್ಞರೊಬ್ಬರು ಆಗಿಹೋಗಿದ್ದರು. ಮನೆಯಲ್ಲಿ ಒಬ್ಬ ಅಣ್ಣ, ಇಬ್ಬರು ತಂಗಿಯರು.

ಅಣ್ಣ ಫ್ರೆಡರಿಕ್ ಮತ್ತು ಅಗ್ನರ್ ಸಂಜೆ ಎದುರುಬದುರು ಕುಳಿತು ಒಂದೇ ಪುಸ್ತಕ ಓದುತ್ತಿದ್ದರಂತೆ. ಪುಸ್ತಕ ಅಣ್ಣನ ಕಡೆಗೆ ನೇರವಾಗಿರುತ್ತಿತ್ತು, ಅಗ್ನರ್‌ಗೆ ಅಕ್ಷರಗಳು ತಲೆಕೆಳಗಾಗಿ ಕಾಣುತ್ತಿದ್ದವು. ಆದರೂ ಸರಾಗವಾಗಿ ಓದುತ್ತಿದ್ದ. ನೀವೂ ಈ ಪುಟವನ್ನು ತಿರುಗಿಸಿ ಹಿಡಿದು ಓದಿ ನೋಡಿ, ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ! ಆಕಾಶದ ನಕ್ಷತ್ರಗಳೆಂದರೆ ಅವನಿಗೆ ಬಲು ಇಷ್ಟ. ಅವುಗಳ ಮೇಲೆ ಪದ್ಯವನ್ನೂ ಬರೆಯುತ್ತಿದ್ದ.

ಹದಿನಾಲ್ಕನೇ ವಯಸ್ಸಿಗೆ ರಾಜಧಾನಿ ಕೋಪನ್‌ಹೇಗನ್‌ಗೆ ಹೋಗಿ ಒಂದು ದೊಡ್ಡ ಪರೀಕ್ಷೆಗೆ ಕುಳಿತ. ವಯಸ್ಸು ಸಾಲದ್ದರಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. ಉತ್ತಮ ದರ್ಜೆಯಲ್ಲಿ ತೇರ್ಗಡೆಯಾಗಿ ಊರಿಗೆ ಮರಳಿದ. ಎರಡು ವರ್ಷ ತಂದೆಯ ಶಾಲೆಯಲ್ಲೇ ಸಹಾಯಕ ಶಿಕ್ಷಕನಾಗಿ ಪಾಠ ಮಾಡುತ್ತ, ಜೊತೆಗೆ ತಾನೂ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತ. ಆಮೇಲೆ ವಿದ್ಯಾರ್ಥಿವೇತನ ದೊರೆತು, 1896ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿದ. 1901ರಲ್ಲಿ ಪದವಿ ಪಡೆದಾಗ ಅವನ ಮುಖ್ಯ ವಿಷಯ ಗಣಿತ. ಖಗೋಳಶಾಸ್ತ್ರ, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳನ್ನೂ ಓದಿದ್ದ. ಮುಂದೆ ಸುಮಾರು ಏಳು ವರ್ಷ ಬೇರೆ ಬೇರೆ ಶಾಲೆಗಳಲ್ಲಿ ಶಿಕ್ಷಕ ವೃತ್ತಿ.

ಶಾಲೆಯಿಂದ ದೂರವಾಣಿ ಕಂಪನಿಗೆ

ಎರ್ಲಾಂಗ್ ಅವರು ಗಣಿತಾಸಕ್ತರ ಸಂಘದ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರು. ಅಲ್ಲಿ ಯೋಹಾನ್ ಯೆನ್ಸೆನ್ ಎಂಬವರ ಪರಿಚಯವಾಯಿತು. ಯೆನ್ಸೆನ್ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿ ಇಂಜಿನಿಯರ್. ಬಿಡುವಿನಲ್ಲಿ ಗಣಿತ ಮಾಡುತ್ತಿದ್ದ ಅವರ ಹೆಸರಿನ ಸೂತ್ರವೊಂದನ್ನು ಇಂದಿಗೂ ಕಾಲೇಜುಗಳಲ್ಲಿ ಕಲಿಸುತ್ತಾರೆ. ಯೆನ್ಸೆನ್ ಅವರ ಮೂಲಕ 1908ರಲ್ಲಿ, ತಮ್ಮ ಮೂವತ್ತನೇ ವಯಸ್ಸಿನಲ್ಲಿ, ಎರ್ಲಾಂಗ್ ಆ ಕಂಪನಿಗೆ ಸೇರಿದರು.

ಆ ಕಾಲದ ದೂರವಾಣಿ ಹೇಗಿತ್ತು ಗೊತ್ತೇ? ನೀವು ಫೋನ್ ಎತ್ತಿದರೆ ವಿನಿಮಯ ಕೇಂದ್ರದಲ್ಲಿ ಕುಳಿತ ಆಪರೇಟರ್ ಮಾತನಾಡುತ್ತಿದ್ದರು. ನಿಮಗೆ ಯಾರು ಬೇಕೆಂದು ಕೇಳಿ, ಎದುರಿನ ಹಲಗೆಯ ಮೇಲಿನ ರಂಧ್ರಗಳಿಗೆ ವಯರನ್ನು ಸಿಕ್ಕಿಸಿ ಎರಡು ಮನೆಗಳನ್ನು ಜೋಡಿಸುತ್ತಿದ್ದರು. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾದದ್ದನ್ನು ಹೇಳಿಯಾರು.

ಈಗ ಒಂದು ಹಳ್ಳಿಯ ವಿನಿಮಯ ಕೇಂದ್ರವನ್ನು ಕಲ್ಪಿಸಿಕೊಳ್ಳಿ. ಊರಿನಲ್ಲಿ ಐವತ್ತು ಫೋನುಗಳಿವೆ. ಪೇಟೆಗೆ ಹೋಗುವ ತಂತಿಗಳು ಎಷ್ಟು ಬೇಕು? ಐವತ್ತೂ ಹಾಕಿದರೆ ತಾಮ್ರದ ಖರ್ಚು ವಿಪರೀತ. ಎಲ್ಲರೂ ಒಮ್ಮೆಲೇ ಮಾತನಾಡುವುದೂ ಇಲ್ಲ. ಹಾಗೆಂದು ಒಂದೇ ತಂತಿ ಹಾಕಿದರೆ, ರಾತ್ರಿ ಹೊತ್ತು ಡಾಕ್ಟರನ್ನು ಕರೆಯಬೇಕಾದವರು ಯಾರದೋ ಹರಟೆ ಮುಗಿಯುವವರೆಗೆ ಕಾಯಬೇಕು. ಅಂದಾಜಿನಿಂದ ತಂತಿ ಹಾಕಿದರೆ ಹಣ ದಂಡ ಅಥವಾ ಜನರಿಗೆ ತೊಂದರೆ. ಸರಿಯಾದ ಲೆಕ್ಕ ಬೇಕಿತ್ತು. ಅದನ್ನು ಎರ್ಲಾಂಗ್ ಕೈಗೆತ್ತಿಕೊಂಡರು.

ಗೊಂದಲದಲ್ಲೂ ಒಂದು ನಿಯಮ

ಯಾರು, ಯಾವ ಗಳಿಗೆಯಲ್ಲಿ ಫೋನ್ ಮಾಡುತ್ತಾರೆಂದು ಹೇಳಲು ಸಾಧ್ಯವೇ? ಇಲ್ಲ. ಹಾಗಾದರೆ ಲೆಕ್ಕ ಹಾಕುವುದು ಹೇಗೆ?

ನಿಮ್ಮ ಶಾಲೆಯ ಬಿಸಿಯೂಟವನ್ನೇ ನೋಡಿ. ನಾಳೆ ಯಾವ ಮಗು ಶಾಲೆಗೆ ಬರುವುದಿಲ್ಲ ಎಂದು ಅಡುಗೆಯವರಿಗೆ ಗೊತ್ತಿಲ್ಲ. ಆದರೂ ಎಷ್ಟು ಅಕ್ಕಿ ಹಾಕಬೇಕೆಂದು ಅವರಿಗೆ ಗೊತ್ತು. ಒಬ್ಬೊಬ್ಬರ ವಿಷಯ ತಿಳಿಯದಿದ್ದರೂ ಗುಂಪಿನ ವಿಷಯ ತಿಳಿಯುತ್ತದೆ. ಇದನ್ನೇ ಸಂಭವನೀಯತೆಯ ಗಣಿತ ಎನ್ನುತ್ತಾರೆ. ಪರಸ್ಪರ ಸಂಬಂಧವಿಲ್ಲದೆ ಬರುವ ಕರೆಗಳು ಕೂಡ ಇಂಥದೇ ಒಂದು ನಿಯಮವನ್ನು ಪಾಲಿಸುತ್ತವೆ ಎಂದು ಎರ್ಲಾಂಗ್ 1909ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. 1917ರಲ್ಲಿ ಇನ್ನೂ ಮುಖ್ಯವಾದ ಲೇಖನ ಬಂತು. ಎಷ್ಟು ತಂತಿಗಳಿದ್ದರೆ ಎಷ್ಟು ಕರೆಗಳು ವಿಫಲವಾಗುತ್ತವೆ, ಕಾಯುವುದಾದರೆ ಎಷ್ಟು ಹೊತ್ತು ಕಾಯಬೇಕು ಎಂಬುದಕ್ಕೆ ಅದರಲ್ಲಿ ಸೂತ್ರಗಳಿದ್ದವು.

ನಾವೂ ಒಂದು ಲೆಕ್ಕ ಮಾಡೋಣ. ಊರಿನಿಂದ ಗಂಟೆಗೆ ಸರಾಸರಿ 20 ಕರೆಗಳು, ಪ್ರತಿ ಕರೆ ಸರಾಸರಿ 3 ನಿಮಿಷ ಎಂದುಕೊಳ್ಳಿ. ಒಟ್ಟು 60 ನಿಮಿಷಗಳ ಮಾತು. ಗಂಟೆಗೆ ಇರುವುದೂ 60 ನಿಮಿಷ. ಹಾಗಾದರೆ ಒಂದೇ ತಂತಿ ಸಾಕಲ್ಲವೇ?

ಸಾಲದು! ಕರೆಗಳು ಸಾಲಾಗಿ, ಒಂದರ ಹಿಂದೆ ಒಂದು ಬರುವುದಿಲ್ಲ. ಕೆಲವೊಮ್ಮೆ ಮೂರು ಒಟ್ಟಿಗೆ ಬರುತ್ತವೆ, ಕೆಲವೊಮ್ಮೆ ಹತ್ತು ನಿಮಿಷ ಒಂದೂ ಇಲ್ಲ. ಎರ್ಲಾಂಗ್ ಅವರ ಸೂತ್ರದ ಪ್ರಕಾರ, ತಂತಿ ಸಿಗದವರು ಕರೆಯನ್ನು ಕೈಬಿಡುತ್ತಾರೆ ಎಂದಾದರೆ:

ಒಂದು ತಂತಿ ಇದ್ದರೆ 2 ಕರೆಗಳಲ್ಲಿ 1 ವಿಫಲ.
ಎರಡು ತಂತಿ ಇದ್ದರೆ 5ರಲ್ಲಿ 1 ವಿಫಲ.
ಮೂರು ತಂತಿ ಇದ್ದರೆ 16ರಲ್ಲಿ 1 ವಿಫಲ.
ನಾಲ್ಕು ತಂತಿ ಇದ್ದರೆ 65ರಲ್ಲಿ 1 ವಿಫಲ.

2, 5, 16, 65 – ಈ ಸಂಖ್ಯೆಗಳಲ್ಲಿ ಒಂದು ಗುಟ್ಟಿದೆ. 2ನ್ನು 2ರಿಂದ ಗುಣಿಸಿ 1 ಕೂಡಿದರೆ 5. ಅದನ್ನು 3ರಿಂದ ಗುಣಿಸಿ 1 ಕೂಡಿದರೆ 16. ಅದನ್ನು 4ರಿಂದ ಗುಣಿಸಿ 1 ಕೂಡಿದರೆ 65. ಹಾಗಾದರೆ ಐದು ತಂತಿ ಇದ್ದಾಗ ಎಷ್ಟು? ಆರು ಇದ್ದಾಗ? ನೀವೇ ಮಾಡಿ. (ಉತ್ತರ ಲೇಖನದ ಕೊನೆಯಲ್ಲಿದೆ.) ಒಂದು ತಂತಿ ಹೆಚ್ಚಿಸಿದರೆ ಎಷ್ಟು ಜನರಿಗೆ ಅನುಕೂಲವಾಗುತ್ತದೆ ಎಂಬುದು ಈಗ ಸ್ಪಷ್ಟವಾಯಿತಲ್ಲವೇ? ಬ್ರಿಟನ್ನಿನ ಅಂಚೆ ಇಲಾಖೆ ಕೂಡ ತನ್ನ ದೂರವಾಣಿ ಯೋಜನೆಗೆ ಎರ್ಲಾಂಗ್ ಅವರ ಸೂತ್ರವನ್ನು ಬಳಸಿಕೊಂಡಿತು.

ಏಣಿ ಹಿಡಿದು ಬೀದಿಗೆ

ಎರ್ಲಾಂಗ್ ಬರೀ ಮೇಜಿನ ಮುಂದೆ ಕುಳಿತವರಲ್ಲ. ನೆಲದಡಿಯ ದೂರವಾಣಿ ಕೇಬಲ್‌ಗಳ ಸೀಸದ ಹೊರಕವಚ ಸೋರಿಕೆ ವಿದ್ಯುತ್ತಿನಿಂದ ಹಾಳಾಗುತ್ತಿತ್ತು. ಅದನ್ನು ಅಳೆಯಲು ಏಣಿ ಹೊತ್ತ ಕೆಲಸಗಾರನೊಂದಿಗೆ ತಾವೇ ಕೋಪನ್‌ಹೇಗನ್ನಿನ ಬೀದಿಗಳಲ್ಲಿ ಸುತ್ತಿ ಗುಂಡಿಗಳಲ್ಲಿ ಇಳಿಯುತ್ತಿದ್ದರು. ಲೆಕ್ಕ ಮಾಡುವವರಿಗೆ ಅನುಕೂಲವಾಗಲೆಂದು ಲಾಗರಿದಮ್ ಕೋಷ್ಟಕಗಳನ್ನೂ ಸಿದ್ಧಪಡಿಸಿದ್ದರು.

ಅವರು ಮದುವೆಯಾಗಲಿಲ್ಲ. ಸಂಬಳದ ಹಣದಲ್ಲಿ ಪುಸ್ತಕಗಳನ್ನು ಕೊಳ್ಳುತ್ತಿದ್ದರು. ಕಷ್ಟದಲ್ಲಿದ್ದವರು ಪ್ರಯೋಗಾಲಯಕ್ಕೇ ಬಂದು ಅವರನ್ನು ಕಾಣುತ್ತಿದ್ದರು, ಅವರು ಯಾರಿಗೂ ತಿಳಿಯದಂತೆ ಸಹಾಯ ಮಾಡಿ ಕಳಿಸುತ್ತಿದ್ದರು. ಸುಮಾರು ಇಪ್ಪತ್ತು ವರ್ಷಗಳ ಸೇವೆಯಲ್ಲಿ ಕಾಯಿಲೆಯೆಂದು ರಜೆ ಹಾಕಿದವರಲ್ಲ. 1929ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದರು. ಆದರೆ ಚೇತರಿಸಿಕೊಳ್ಳಲಿಲ್ಲ. ಫೆಬ್ರವರಿ 3ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು.

1946ರಲ್ಲಿ ಅಂತರರಾಷ್ಟ್ರೀಯ ದೂರವಾಣಿ ಸಮಿತಿಯು ಕರೆಗಳ ದಟ್ಟಣೆಯನ್ನು ಅಳೆಯುವ ಮಾನಕ್ಕೆ ಎರ್ಲಾಂಗ್ ಎಂದೇ ಹೆಸರಿಟ್ಟಿತು. ಒಂದು ತಂತಿ ಒಂದು ಗಂಟೆ ಪೂರ್ತಿ ಬಳಕೆಯಲ್ಲಿದ್ದರೆ ಅದು ಒಂದು ಎರ್ಲಾಂಗ್. ನಾವು ಮೇಲೆ ಮಾಡಿದ ಲೆಕ್ಕ ಒಂದು ಎರ್ಲಾಂಗಿನದೇ. ಉದ್ದಕ್ಕೆ ಮೀಟರ್, ತೂಕಕ್ಕೆ ಕಿಲೋಗ್ರಾಂ, ಕರೆಗಳ ದಟ್ಟಣೆಗೆ ಎರ್ಲಾಂಗ್!

ನಮ್ಮ ಕರ್ನಾಟಕದಲ್ಲೂ ಒಂದು ಮೈಲಿಗಲ್ಲಿದೆ. ಹಳ್ಳಿಗಳಿಗಾಗಿಯೇ ಸಿ-ಡಾಟ್ ಸಂಸ್ಥೆ ರೂಪಿಸಿದ ಸ್ವದೇಶಿ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ಕಿತ್ತೂರಿನಲ್ಲಿ, ಅದೇ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹಳ್ಳಿಗೆ ಎಷ್ಟು ತಂತಿ ಬೇಕು ಎಂಬ ಎರ್ಲಾಂಗ್ ಅವರ ಪ್ರಶ್ನೆ ಅಲ್ಲಿಯೂ ಇತ್ತು.

ಜೇನಿನ ಎರಿಯಂತೆ ಮೊಬೈಲ್ ಜಾಲ

ಈಗ ಮೊಬೈಲಿಗೆ ಬರೋಣ. ಇಲ್ಲಿ ತಂತಿಯ ಬದಲು ರೇಡಿಯೋ ಅಲೆಗಳಿವೆ. ಒಂದು ಟವರ್ ಒಮ್ಮೆಗೆ ಇಷ್ಟೇ ಕರೆಗಳನ್ನು ನಿಭಾಯಿಸಬಲ್ಲದು ಎಂಬ ಮಿತಿ ಇರುತ್ತದೆ. ಸಿಗ್ನಲ್ ಕಡ್ಡಿಗಳು ಟವರಿನ ಅಲೆ ನಿಮ್ಮವರೆಗೆ ಎಷ್ಟು ಬಲವಾಗಿ ಬರುತ್ತಿದೆ ಎಂದು ಮಾತ್ರ ಹೇಳುತ್ತವೆ. ಟವರಿನಲ್ಲಿ ಜಾಗ ಖಾಲಿ ಇದೆಯೇ ಎಂದು ಹೇಳುವುದಿಲ್ಲ. ಬಸ್ಸು ಕಣ್ಣೆದುರು ನಿಂತಿದ್ದರೂ ಒಳಗೆ ಕಾಲಿಡಲು ಜಾಗವಿಲ್ಲದ ಹಾಗೆ! ಎಕ್ಕಂಬಿಯ ಹುಡುಗಿಯ ಪ್ರಶ್ನೆಗೆ ಇದೇ ಉತ್ತರ.

ಮೊಬೈಲ್ ಇಂಜಿನಿಯರುಗಳು ಊರುಗಳನ್ನು ಆರು ಮೂಲೆಯ ಕೋಣೆಗಳಾಗಿ, ಜೇನಿನ ಎರಿಯಂತೆ ಭಾಗ ಮಾಡಿ ನಕ್ಷೆ ಬರೆಯುತ್ತಾರೆ. ಈ ವಿಚಾರ ಮೊದಲು ಮೂಡಿದ್ದು 1947ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಒಂದೊಂದು ಕೋಣೆಗೆ ಒಂದೊಂದು ಟವರ್. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ದೆಹಲಿಗೆ.

ಟವರ್ ಕಟ್ಟುವುದು ದುಬಾರಿ ಕೆಲಸ. ಕಟ್ಟಿದ ಮೇಲೆ ತಪ್ಪಾಯಿತು ಎಂದರೆ ಹೇಗೆ? ಆದ್ದರಿಂದ ಮೊದಲು ಕಂಪ್ಯೂಟರಿನೊಳಗೆ ಒಂದು ಅಣಕು ಜಾಲವನ್ನು ನಡೆಸಿ ನೋಡುತ್ತಾರೆ. ನಿಮ್ಮ ಶಾಲೆಯಲ್ಲಿ ಅಣಕು ಸಂಸತ್ತು ಮಾಡುವುದಿಲ್ಲವೇ, ಹಾಗೆಯೇ ಇದು. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಸಾವಿರಾರು ಸುಳ್ಳು ಕರೆಗಳನ್ನು ಹುಟ್ಟಿಸಿ, ಎಷ್ಟು ವಿಫಲವಾದವು ಎಂದು ಎಣಿಸುತ್ತಾರೆ. ಅಣಕು ಜಾಲ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಸರಳ ಲೆಕ್ಕವನ್ನು ಕೊಟ್ಟು, ಉತ್ತರವನ್ನು ಎರ್ಲಾಂಗ್ ಸೂತ್ರದ ಜೊತೆ ತಾಳೆ ನೋಡುತ್ತಾರೆ. ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ತೀರಿಹೋದ ಮಾಸ್ತರರು ಇಂದಿಗೂ ಕಂಪ್ಯೂಟರುಗಳ ಲೆಕ್ಕ ತಿದ್ದುತ್ತಿದ್ದಾರೆ!

ಅಂಚಿನವರ ಲೆಕ್ಕ

ಆದರೆ ಈ ಅಣಕು ಜಾಲದಲ್ಲಿ ಒಂದು ಮೋಸ ಅಡಗಿದೆ. ಒಂದು ಹಾಳೆಯ ಮೇಲೆ ಆರು ಮೂಲೆಯ ಒಂದು ಕೋಣೆ ಬರೆಯಿರಿ. ಅದರ ಸುತ್ತ 6, ಅವುಗಳ ಸುತ್ತ 12. ಒಟ್ಟು 19 ಕೋಣೆಗಳು. ಒಳಗಿನ 7 ಕೋಣೆಗಳಿಗೆ ಆರಾರು ನೆರೆಹೊರೆ. ಅಂಚಿನ 12 ಕೋಣೆಗಳನ್ನು ನೋಡಿ. ಆರಕ್ಕೆ ನಾಲ್ಕೇ ನೆರೆ, ಇನ್ನಾರಕ್ಕೆ ಮೂರೇ ನೆರೆ.

ಇದರಿಂದ ಏನಾಗುತ್ತದೆ? ನೆರೆಯ ಟವರುಗಳ ಅಲೆಗಳು ನಮ್ಮ ಟವರಿನ ಅಲೆಗೆ ತೊಡಕು ಮಾಡುತ್ತವೆ. ಅಂಚಿನ ಕೋಣೆಗೆ ನೆರೆ ಕಡಿಮೆ, ಆದ್ದರಿಂದ ತೊಡಕೂ ಕಡಿಮೆ. ಕಂಪ್ಯೂಟರ್ ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದು ಹೇಳುತ್ತದೆ. ನಿಜವಾದ ಊರಿನಲ್ಲಿ ಆ ಅಂಚೇ ಇಲ್ಲ! ಹಾಳೆ ಮುಗಿದ ಕಡೆ ನೆಲ ಮುಗಿಯುವುದಿಲ್ಲ. ಆಚೆಗೂ ಊರು, ಟವರು, ಜನ ಇದ್ದಾರೆ. ಇನ್ನೊಂದು ತೊಂದರೆ – ಬಸ್ಸಿನಲ್ಲಿ ಮಾತನಾಡುತ್ತ ಹೋಗುವವರು ಹಾಳೆಯ ಅಂಚು ದಾಟಿದೊಡನೆ ಮಾಯವಾಗುತ್ತಾರೆ. ಆಚೆಯಿಂದ ಒಳಗೆ ಬರುವವರು ಮಾತ್ರ ಯಾರೂ ಇಲ್ಲ. ಇದಕ್ಕೆ ಅಂಚಿನ ಪರಿಣಾಮ ಎಂದು ಹೆಸರು.

ಭತ್ತದ ಗದ್ದೆಯಲ್ಲೂ ಇದು ಉಂಟು. ಬದುವಿನ ಪಕ್ಕದ ಸಸಿಗೆ ಒಂದು ಬದಿಯಲ್ಲಿ ನೆರೆಯಿಲ್ಲ. ಬಿಸಿಲು, ಗಾಳಿ ಹೆಚ್ಚು ಸಿಗುವುದರಿಂದ ಅದು ಸೊಂಪಾಗಿ ಬೆಳೆಯುತ್ತದೆ. ಅದನ್ನು ನೋಡಿ ಇಡೀ ಗದ್ದೆಯ ಫಸಲು ಅಂದಾಜು ಮಾಡಿದರೆ ತಪ್ಪಾಗುತ್ತದೆ. ಅದಕ್ಕೇ ಕೃಷಿ ವಿಜ್ಞಾನಿಗಳು ತಮ್ಮ ಪ್ರಯೋಗದ ತಾಕುಗಳಲ್ಲಿ ಅಂಚಿನ ಸಾಲುಗಳನ್ನು ಬಿಟ್ಟು ಅಳೆಯುತ್ತಾರೆ.

ಇಂಜಿನಿಯರುಗಳಿಗೂ ಇದು ಒಂದು ಉಪಾಯ. ದೊಡ್ಡ ಜಾಲ ಬರೆದು ನಡುವಿನ ಕೋಣೆಗಳನ್ನು ಮಾತ್ರ ಎಣಿಸುವುದು. ಆದರೆ ನಮ್ಮ 19ರಲ್ಲಿ ಅಂಚನ್ನು ಬಿಟ್ಟರೆ ಉಳಿಯುವುದು ಏಳೇ. ಎಷ್ಟೊಂದು ಕೆಲಸ ದಂಡ! ಎರಡನೆಯ ಉಪಾಯ ಇನ್ನೂ ಸೊಗಸು. ಒಂದು ಹಾಳೆಯ ಎಡ ಅಂಚನ್ನು ಬಲ ಅಂಚಿಗೆ ಸೇರಿಸಿ ಸುತ್ತಿ. ಕೊಳವೆಯಾಯಿತು. ಈಗ ಕೊಳವೆಯ ಎರಡು ಬಾಯಿಗಳನ್ನೂ ಬಾಗಿಸಿ ಸೇರಿಸಿದರೆ ಸೈಕಲ್ ಟ್ಯೂಬಿನ ಆಕಾರ ಬರುತ್ತದೆ. ಕಾಗದ ಸುಕ್ಕಾದೀತು, ಆದ್ದರಿಂದ ಮನಸ್ಸಿನಲ್ಲೇ ಮಾಡಿ. ಟ್ಯೂಬಿನ ಮೇಲೆ ಇರುವೆ ಬಿಟ್ಟರೆ ಅದಕ್ಕೆ ಎಲ್ಲಿಯಾದರೂ ಅಂಚು ಸಿಗುತ್ತದೆಯೇ? ಇಲ್ಲ! ಬಲಕ್ಕೆ ಹೋದ ಬಸ್ಸು ಎಡದಿಂದ ಒಳಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಹೀಗೆ ಅಂಚುಗಳನ್ನು ಜೋಡಿಸಿದರೆ 19 ಕೋಣೆಗಳಿಗೂ ಆರಾರು ನೆರೆ. ಎಲ್ಲವನ್ನೂ ಎಣಿಸಬಹುದು.

ಮಾಡಿ ನೋಡಿ

ಇಬ್ಬಿಬ್ಬರು ಸೇರಿ. ಒಂದು ಲೂಡೋ ದಾಳ, ಪೆನ್ಸಿಲ್, 70 ಗೆರೆಗಳ ಕಾಗದ ಸಾಕು. ಒಂದೊಂದು ಗೆರೆ ಒಂದೊಂದು ನಿಮಿಷ. ಪ್ರತಿ ನಿಮಿಷಕ್ಕೆ ಒಮ್ಮೆ ದಾಳ ಹಾಕಿ. 1 ಬಿದ್ದರೆ ಕರೆ ಬಂತು ಎಂದರ್ಥ. ಆ ಗೆರೆ ಮತ್ತು ಮುಂದಿನ ಎರಡು ಗೆರೆಗಳಿಗೆ ತಂತಿ ತುಂಬಿದೆ ಎಂದು ಗುರುತು ಹಾಕಿ. ತಂತಿ ತುಂಬಿರುವಾಗ ಮತ್ತೆ 1 ಬಿದ್ದರೆ ಆ ಕರೆ ವಿಫಲ. ಅದಕ್ಕೆ ಅಡ್ಡಗೆರೆ ಹಾಕಿ.

ಮೊದಲ 10 ನಿಮಿಷಗಳನ್ನು ಎಣಿಸಬೇಡಿ. ಏಕೆ? ಆಟ ಶುರುವಾದಾಗ ತಂತಿ ಖಾಲಿ. ಹಾಗಾಗಿ ಮೊದಲ ಕರೆಗೆ ಜಾಗ ಸಿಕ್ಕೇ ಸಿಗುತ್ತದೆ. ಅದೂ ಒಂದು ಅಂಚು, ಕಾಲದ ಅಂಚು! ಉಳಿದ 60 ನಿಮಿಷಗಳಲ್ಲಿ ಎಷ್ಟು ಕರೆ ಬಂದವು, ಎಷ್ಟು ವಿಫಲವಾದವು ಎಂದು ಬರೆಯಿರಿ. ಒಂದೊಂದು ಜೋಡಿಗೆ ಒಂದೊಂದು ಉತ್ತರ ಬಂದೀತು. ಹೆದರಬೇಡಿ. ತರಗತಿಯ ಎಲ್ಲರ ಲೆಕ್ಕವನ್ನೂ ಕೂಡಿಸಿ. ಸುಮಾರು 4 ಕರೆಗಳಲ್ಲಿ 1 ವಿಫಲವಾಗಿರುವುದು ಕಾಣುತ್ತದೆ. ಆಮೇಲೆ ಎರಡು ತಂತಿ ಇಟ್ಟುಕೊಂಡು ಆಡಿ. ವಿಫಲವಾದ ಕರೆಗಳನ್ನು ಹುಡುಕಬೇಕಾಗುತ್ತದೆ, ಅಷ್ಟು ಕಡಿಮೆ.

ಮಕ್ಕಳೇ, ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಿನ ನಡುವಿನ ಎಷ್ಟೋ ಮನೆಗಳು ನಕ್ಷೆಯ ಅಂಚಿನಲ್ಲಿವೆ. ಗುಡ್ಡ ಹತ್ತಿ ಫೋನ್ ಹಿಡಿದು ನಿಲ್ಲುವವರ ಕಷ್ಟ ನಿಮಗೆ ಗೊತ್ತು. ನಡುವಿನವರನ್ನು ಎಣಿಸುವುದು ಸುಲಭ, ಅಂಚಿನವರನ್ನು ಸರಿಯಾಗಿ ಎಣಿಸಲು ಒಳ್ಳೆಯ ಗಣಿತ ಬೇಕು. ಹಳ್ಳಿಯ ಶಾಲೆಯಿಂದ ಬಂದ ಎರ್ಲಾಂಗ್ ಮಾಡಿದ್ದು ಕೂಡ, ಮಾತನಾಡಲು ಅವಕಾಶ ಸಿಕ್ಕವರ ಲೆಕ್ಕಕ್ಕಿಂತ ಸಿಗದೆ ಹೋದವರ ಲೆಕ್ಕ. ಮುಂದಿನ ಲೆಕ್ಕವನ್ನು ನಿಮ್ಮಲ್ಲಿ ಯಾರು ಮಾಡುತ್ತೀರಿ?

(ಉತ್ತರ: ಐದು ತಂತಿ ಇದ್ದರೆ 326ರಲ್ಲಿ 1, ಆರು ತಂತಿ ಇದ್ದರೆ 1957ರಲ್ಲಿ 1.)